ಮನೀದೇ ಮೇಲ್ ಸರ್ವರ್

ನಮ್ಮ ಬಾಗಳಿ ಕಲ್ಲೇಶ್ವರ ಗುಡಿ ಶಾಸನದಾಗ ಸಾವಿರ ವರ್ಷದ ಹಿಂದಿನ ದಾನದ ಲೆಕ್ಕ ಇನ್ನೂ ಐತಿ. ಅಪ್ಪ ನನಗ ಬರದ ಮೇಲ್ ಮಾತ್ರ ಹತ್ತು ವರ್ಷನೂ ಉಳೀಲಿಲ್ಲ. ಕಂಪನಿಯವ್ರು ಖಾತಿ ಬಂದ್ ಮಾಡಿದ್ರು, ಎಲ್ಲಾ ಹೋತು. ಅಪ್ಪನೂ ಈಗಿಲ್ಲ.

ಅದಕ್ಕ ಒಂದು ಸರ್ವರ್ ಬಾಡಿಗಿ ಹಿಡದು, ಡೊಮೇನ್ ಹೆಸರು ತಗೊಂಡು, ಡಾಕರ್‌ನಾಗ ಮೇಲ್‌ಕೌ ಹಾಕೀನಿ. ‘ಕಂಟೇನರ್ ಅಂದ್ರೇನವಾ?’ ಅಂದ್ರು ಸಣ್ಣತ್ತಿ. ಮಸಾಲಿ ಡಬ್ಬಿ ಇದ್ದಂಗ ರೀ ಅತ್ತಿ. ಜೀರಿಗಿ ಬಟ್ಟಲ ಬ್ಯಾರೆ, ಸಾಸಿವಿ ಬಟ್ಟಲ ಬ್ಯಾರೆ; ಒಂದು ಕೆಟ್ರ ಅದನ್ನಷ್ಟೇ ತೊಳದು ಇಟ್ರಾತು. ಒಂದರಾಗ ಪೋಸ್ಟ್‌ಫಿಕ್ಸ್, ಪತ್ರ ಕಳಸ್ತೈತಿ, ತಗೊಂತೈತಿ. ಇನ್ನೊಂದರಾಗ ಡವ್‌ಕಾಟ್, ಬಂದದ್ದನ್ನ ಜ್ವಾಪಾನ ಮಾಡಿ ಫೋನಿಗೆ ಕೊಡ್ತೈತಿ. ಪತ್ರಗಳು ಮಾತ್ರ ವಾಲ್ಯೂಮ್ ಅನ್ನೋ ಬ್ಯಾರೆ ಜಾಗದಾಗ ಇರ್ತಾವು. ಕಂಟೇನರ್ ತಗದು ಹೊಸಾದು ಇಟ್ರೂ ಅವು ಹೋಗಂಗಿಲ್ಲ.

ಕಷ್ಟ ಕಳಸೋದ್ರಾಗ. 25ನೇ ಪೋರ್ಟ್ ಬಾಳ ಕಡಿ ಮುಚ್ಚಿರ್ತಾರ, ಮೊದಲ ಕೇಳ್ಕೋಬೇಕು. ಎಸ್‌ಪಿಎಫ್, ಡಿಕೆಐಎಂ ಅನ್ನೋ ಗುರುತು ಡೊಮೇನಿಗೆ ಹಚ್ಚಬೇಕು. 2024ರ ಫೆಬ್ರುವರಿಯಿಂದ ಜಿಮೇಲ್‌ನವ್ರು ಗುರುತಿಲ್ಲದ ಪತ್ರ ಸ್ಪ್ಯಾಮಿಗೆ ಹಾಕ್ತಾರ, ಇಲ್ಲಾ ವಾಪಸ್ ಕಳಸ್ತಾರ.

ಬಾಡಿಗಿ ಸರ್ವರೂ ಇನ್ನೊಬ್ಬರದ ಅಲ್ಲೇನು? ಅದಕ್ಕ ದಿನಾ ರಾತ್ರಿ ಒಂದು ನಕಲು ಮನಿ ಡಿಸ್ಕಿಗೆ ಇಳಸ್ತೀನಿ. ಈಗ ಅವ್ವ ಬರದದ್ದೆಲ್ಲಾ ಅದರಾಗ ಐತಿ.

ಅಕ್ಕಾರೇ, ನಿಮಗೂ ವಿಳಾಸ ಬೇಕಂದ್ರ ಹೇಳ್ರಿ. ಪಾಸ್‌ವರ್ಡ್ ಮಾತ್ರ ನನಗೂ ಹೇಳಬ್ಯಾಡ್ರಿ.