ಅಜ್ಜೆರ್ ಬತ್ತೆರ್

2-9-2025, ಮಂಗಳವಾರ

ಪೇಪರು ಬಿಡಿಸುವ ಮೊದಲೇ ವಾಟ್ಸಾಪಿನಲ್ಲಿ ಹತ್ತು ಮಂದಿ ಹತ್ತು ರೀತಿಯಲ್ಲಿ ಹೇಳಿಯಾಗಿತ್ತು. ಸುಪ್ರೀಂ ಕೋರ್ಟು ನಿನ್ನೆ ತೀರ್ಪು ಕೊಟ್ಟಿದೆ. ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು. ನಿವೃತ್ತಿಗೆ 5 ವರ್ಷದೊಳಗೆ ಬಾಕಿ ಇದ್ದವರಿಗೆ ವಿನಾಯಿತಿ, ಅವರಿಗೂ ಬಡ್ತಿ ಬೇಕಾದರೆ ಬರೆಯಲೇಬೇಕು. ಅದಕ್ಕಿಂತ ಹೆಚ್ಚು ಇದ್ದವರು 2 ವರ್ಷದಲ್ಲಿ ಪಾಸಾಗದಿದ್ದರೆ ಮನೆಗೆ.

ನಾನು ನಿವೃತ್ತಳಾಗುವುದು 2030ರ ನವೆಂಬರ್ 30ಕ್ಕೆ. ಮೂರೇ ತಿಂಗಳ ಅಂತರದಲ್ಲಿ ಸಿಕ್ಕಿಬಿದ್ದೆ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ಟ್ರು ಕಣ್ಣಳತೆಯಲ್ಲಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನನ್ನ ಅಪ್ಪ ಮಾತ್ರ ಜಾತಕ ಹಿಡಿದುಕೊಂಡು ಹೋಗಿ ಸರಿಯಾದ ತಾರೀಕೇ ಬರೆಸಿದವರು. ಆ ಸತ್ಯಸಂಧತೆಯ ಬಿಲ್ಲು ಐವತ್ತು ವರ್ಷ ಕಳೆದು ಈಗ ಬಂತು.

ಟಿಸಿಎಚ್ ಮುಗಿಸಿ 1998ರಲ್ಲಿ ಸೇರಿದವಳು ನಾನು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ಟಿಇಟಿ ನಿಯಮ 2010ರದ್ದು. ಎರಡೂ ನನ್ನ ಸರ್ವಿಸಿಗಿಂತ ಚಿಕ್ಕವು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಲೆಕ್ಕದ ಮಾಸ್ಟ್ರು, "ಟೀಚರೇ, ನಿಮಗೆ ಇಂಗ್ಲಿಷು ಬರ್ತದಲ್ಲ, ನೀವು ಬಚಾವ್" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಬರ್ತದೆ ಎಂದು ಹೇಳಿದವರು ಯಾರು? ಈ 27 ವರ್ಷದಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿಲ್ಲವಲ್ಲ.

13-9-2025, ಶನಿವಾರ

ಅಕ್ಕನ ಮಗಳು ಗೈಡುಗಳ ಕಟ್ಟು ಹೊತ್ತು ಬಂದಿದ್ದಾಳೆ. ಕಾಣಿಯೂರಿನಿಂದ ಬಸ್ಸಿನಲ್ಲಿ ಬಂದು ಪುರುಷರಕಟ್ಟೆಯಲ್ಲಿ ಇಳಿದು, ಮಳೆಯಲ್ಲಿ ಅರ್ಧ ಮೈ ಒದ್ದೆ, ಗೈಡು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಭದ್ರ. ಬಿ.ಎ.ಯಲ್ಲಿ ಇಂಗ್ಲಿಷು ಓದಿ ಬಿ.ಎಡ್. ಮಾಡಿ ಅತಿಥಿ ಶಿಕ್ಷಕಿಯಾಗಿದ್ದಾಳೆ. ಟಿಇಟಿ ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ಪಾಸು ಕಳೆದುಕೊಂಡವಳು.

"ಚಿಕ್ಕಮ್ಮ, ನಿಮ್ಮದು ಪೇಪರ್ ಒಂದು, ನನ್ನದು ಎರಡು" ಎಂದು ವಿವರಿಸಿದಳು. ಒಂದು ಅಂದರೆ 1ರಿಂದ 5ನೇ ಕ್ಲಾಸಿನವರಿಗೆ, ಎರಡು ಅಂದರೆ 6ರಿಂದ 8ಕ್ಕೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ತಪ್ಪಿದರೆ ಅಂಕ ಕಳೆಯುವುದಿಲ್ಲ. 90 ಬಂದರೆ ಪಾಸು. ನಾನು 1ರಿಂದ 7ಕ್ಕೆಂದು ನೇಮಕವಾದವಳು. 2017ರ ನಿಯಮದಲ್ಲಿ ನಮ್ಮನ್ನೆಲ್ಲ 1ರಿಂದ 5ರವರು ಎಂದು ಇಳಿಸಿದರು. ಆಮೇಲೂ ಏಳನೇ ಕ್ಲಾಸಿಗೆ ಪಾಠ ಮಾಡಿದ್ದುಂಟು. ಅದು ಯಾವ ಕಾಗದದಲ್ಲೂ ಇಲ್ಲ, ಇರಲಿ.

ಅವಳ ಪತ್ರಿಕೆಯ ರಚನೆ ಕೇಳಿ ನನಗೆ ತಲೆ ತಿರುಗಿತು. ಇಂಗ್ಲಿಷ್ ಟೀಚರಾಗಲು ಹೊರಟವಳಿಗೆ ಇಂಗ್ಲಿಷು 30 ಅಂಕ. ಒಂದೋ ಗಣಿತ-ವಿಜ್ಞಾನ, ಇಲ್ಲವೋ ಸಮಾಜ ವಿಜ್ಞಾನ, ಅದು 60. ಭಾಷೆಯ ಶಿಕ್ಷಕರಿಗೆಂದು ಬೇರೆ ದಾರಿಯೇ ಇಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹಾಗಾಗಿ ಈ ಹುಡುಗಿ ಎರಡು ಸಲವೂ ಜಾರಿದ್ದು ಗ್ರಾಮರಿನಲ್ಲಿ ಅಲ್ಲ. ಕದಂಬರು, ಮಣ್ಣಿನ ವಿಧಗಳು, ರಾಜ್ಯಪಾಲರ ಅಧಿಕಾರ, ಇವುಗಳಲ್ಲಿ. "ನಾನು ಷೇಕ್ಸ್‌ಪಿಯರ್ ಓದಿದ್ದು ರಾಜ್ಯಪಾಲರಿಗೆ ಗೊತ್ತಿಲ್ಲ ಚಿಕ್ಕಮ್ಮ" ಅಂದಳು.

ನಮ್ಮ ಯಜಮಾನರು, ತೋಟಕ್ಕೆ ಮದ್ದು ಬಿಡುವವರು ಬರಲಿಲ್ಲ, ಕೊಳೆರೋಗ ಏರುತ್ತಾ ಉಂಟು ಎಂದು ಜಗಲಿಯಲ್ಲಿ ಗೊಣಗುತ್ತಿದ್ದರು. ಒಳಗೆ ನಾವಿಬ್ಬರು ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್. ವೈಗೋಟ್‌ಸ್ಕಿ ಹೇಳಿದ್ದು ಇಷ್ಟೆ: ಮಗು ತಾನಾಗಿಯೇ ಮಾಡುವುದಕ್ಕೂ ಗೊತ್ತಿದ್ದವರ ಸಹಾಯ ಇದ್ದರೆ ಮಾಡುವುದಕ್ಕೂ ನಡುವೆ ಒಂದು ಜಾಗ ಉಂಟು, ಕಲಿಸುವುದು ಆ ಜಾಗದಲ್ಲಿ. ಇದು ನನಗೆ ಗೊತ್ತಿತ್ತು. ಆ ಜಾಗದ ಹೆಸರು ಮಾತ್ರ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು.

28-9-2025, ಭಾನುವಾರ

ಓದು ನಿಂತಿದೆ. ಸರಕಾರದ ಮನೆ-ಮನೆ ಸಮೀಕ್ಷೆಯ ಕೆಲಸ. ಒಂದು ಮನೆಗೆ 60 ಪ್ರಶ್ನೆ. ಮೀಟರಿಗೆ ಅಂಟಿಸಿದ ಚೀಟಿ ಹುಡುಕಿ, ಮೊಬೈಲು ಎತ್ತಿ ಹಿಡಿದು, ನೆಟ್‌ವರ್ಕ್ ಸಿಗುವ ಹಲಸಿನ ಮರದ ಬುಡದಲ್ಲಿ ನಿಂತು. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಡ್ಡ ಹತ್ತಿ ತೋಡು ದಾಟಬೇಕು. ಹೋದಲ್ಲೆಲ್ಲ ಬೆಲ್ಲ ನೀರು ಕೊಟ್ಟು ಕೂರಿಸುತ್ತಾರೆ, ಅದೊಂದು ಪುಣ್ಯ.

ಫಾರ್ಮಿನ ಪ್ರಶ್ನೆ ಮುಗಿದ ಮೇಲೆ ನನ್ನದೊಂದು ಕೇಳುತ್ತಿದ್ದೆ: ಮಕ್ಕಳು ಮನೆಯಲ್ಲಿ ಯಾವ ಭಾಷೆ? ಒಂದು ಮನೆಯಲ್ಲಿ ತುಳು. ಪಕ್ಕದಲ್ಲಿ ಬ್ಯಾರಿ. ಮೇಲಿನ ಮನೆಯಲ್ಲಿ ಹವ್ಯಕ ಕನ್ನಡ. ಇನ್ನೊಂದರಲ್ಲಿ ಅತ್ತೆ ತುಳು, ಸುಳ್ಯದ ಕಡೆಯ ಸೊಸೆ ಅರೆಭಾಷೆ, ಮಗು ಎರಡನ್ನೂ ಕಲಸಿ ಮಾತಾಡುತ್ತದೆ. ಇವರೆಲ್ಲ ನನ್ನ ಕ್ಲಾಸಿಗೆ ಬಂದರೆ ಕನ್ನಡ 'ಪ್ರಥಮ ಭಾಷೆ', ಇಂಗ್ಲಿಷು 'ದ್ವಿತೀಯ ಭಾಷೆ'. ಗೈಡಿನ ಪ್ರಕಾರ ನಾನು ಎರಡನೇ ಭಾಷೆ ಕಲಿಸುವವಳು. ಈ ಅಂಗಳಗಳ ಲೆಕ್ಕದಲ್ಲಿ ಮೂರನೆಯದು, ಕೆಲವರಿಗೆ ನಾಲ್ಕನೆಯದು.

26-10-2025, ಭಾನುವಾರ

ದೀಪಾವಳಿಯ ಪರ್ಬ ಮುಗಿಯಿತು. ಅರ್ಜಿ ತೆರೆದಿದೆ, ಡಿಸೆಂಬರ್ 7ಕ್ಕೆ ಪರೀಕ್ಷೆ. ಪುತ್ತೂರಿನ ಸೈಬರಿಗೆ ಹೋಗಿ ಇಬ್ಬರದ್ದೂ ಹಾಕಿಸಿದೆವು. ನನ್ನ ಫೋಟೋ ನೋಡಿ ಸೈಬರಿನ ಹುಡುಗ, "ಮಗಳದ್ದು ಕೊಡಿ ಆಂಟಿ" ಅಂದ. ನನ್ನದೇ ಅರ್ಜಿ ಎಂದು ಹೇಳುವಾಗ ಹಿಂದೆ ನಿಂತವರು ತಿರುಗಿ ನೋಡಿದರು.

ಸಂಜೆ ಒಂದು ಅವಮಾನವಾಯಿತು. ಯಾರೂ ಮಾಡಿದ್ದಲ್ಲ, ನಾನೇ ಮಾಡಿಕೊಂಡದ್ದು. ಉಚ್ಚಾರಣೆಯ ಪ್ರಶ್ನೆಗಳನ್ನು ಬಿಡಿಸುತ್ತಾ "ಇದು ಪ್ರೊನೌನ್ಸಿಯೇಷನ್ ಭಾಗ" ಅಂದೆ. ಹುಡುಗಿ ತಲೆ ತಗ್ಗಿಸಿಯೇ, "ಪ್ರನನ್ಸಿಯೇಷನ್, ಚಿಕ್ಕಮ್ಮ" ಅಂದಳು. ಕ್ರಿಯಾಪದದಲ್ಲಿ 'ನೌನ್ಸ್', ನಾಮಪದಕ್ಕೆ ಬಂದಾಗ 'ನನ್ಸ್'. ಬರೆಯುವಾಗ ನಾನು ಸರಿಯಾಗಿಯೇ ಬರೆಯುತ್ತಿದ್ದೆ, ಕರಿಹಲಗೆಯ ಮೇಲೆ ಒಂದು ದಿನವೂ ತಪ್ಪಿಲ್ಲ. ಬಾಯಲ್ಲಿ ಮಾತ್ರ 27 ವರ್ಷ ತಪ್ಪು. ಅದೂ ಉಚ್ಚಾರಣೆ ಎಂಬ ಪದದ ಉಚ್ಚಾರಣೆಯೇ! ಎಷ್ಟು ಮಕ್ಕಳ ಕಿವಿಗೆ ಹಾಕಿದ್ದೇನೆ?

ನಗುತ್ತಾ ಮುಚ್ಚಿಹಾಕಿದೆ, ರಾತ್ರಿ ನಿದ್ರೆ ಬರಲಿಲ್ಲ. 2009ರಲ್ಲಿ ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ 30 ದಿನ ತರಬೇತಿ ಪಡೆದದ್ದು ನೆನಪಾಯಿತು. 1963ರಿಂದ ನಮ್ಮಂಥವರ ನಾಲಿಗೆ ತಿದ್ದುತ್ತಾ ಬಂದ ಸಂಸ್ಥೆ ಅದು. ಅಲ್ಲಿ ನಾವು ಒಬ್ಬರಿಗೊಬ್ಬರು ಪಾಠ ಮಾಡಬೇಕಿತ್ತು, ಹಿಂದೆ ಒಬ್ಬರು ಕೂತು ಗುರುತು ಹಾಕಿಕೊಳ್ಳುತ್ತಿದ್ದರು. 'ಎಗ್' ಅನ್ನು 'ಯೆಗ್' ಎನ್ನುತ್ತೀರಿ, ಶಬ್ದದ ಮೊದಲಿಗೆ ಬರುವ ಎಕಾರಕ್ಕೆ ನಿಮ್ಮವರು ಯಕಾರ ತೊಡಿಸುತ್ತೀರಿ ಎಂದು ಹೇಳಿದವರು ಅವರು. ಆವತ್ತಿನಿಂದ ನನ್ನ ಮೊಟ್ಟೆಗೆ ಯಕಾರ ಇಲ್ಲ. ಸರ್ವಿಸಿನಲ್ಲಿ ನನ್ನ ಇಂಗ್ಲಿಷನ್ನು ಕಿವಿಗೊಟ್ಟು ಕೇಳಿದ್ದು ಅವರೊಬ್ಬರೇ, ಅದೂ ಒಂದು ತಿಂಗಳು.

ಬರುವ ಟಿಇಟಿ ನನ್ನ ಈ ತಪ್ಪನ್ನು ಹಿಡಿಯುತ್ತದೆಯೇ? ಇಲ್ಲ. ಅದಕ್ಕೆ ಕಿವಿಯೇ ಇಲ್ಲ. ನಾಲ್ಕು ಆಯ್ಕೆಯಲ್ಲಿ ಒಂದು ಗುಂಡಿ ತುಂಬಬೇಕು, ಅಷ್ಟೆ. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ಕ್ರಮದ ಬಗ್ಗೆ ಪ್ರಶ್ನೆ ಉಂಟು. ಆದರೆ ನಾನು ಆಲಿಸಬಲ್ಲೆನೇ, ಮಾತನಾಡಬಲ್ಲೆನೇ ಎಂದು ನೋಡುವ ಏರ್ಪಾಟು ಇಲ್ಲ. ಒಂದು ವಾಕ್ಯ ಸ್ವಂತವಾಗಿ ಬರೆಯಬೇಕಾಗಿಯೂ ಇಲ್ಲ. ತೀರ್ಪಿನ ಮೇಲೆ ನನಗಿದ್ದ ಸಿಟ್ಟು ಈಗ ಜಾಗ ಬದಲಿಸಿದೆ. ನನ್ನನ್ನು ಪರೀಕ್ಷೆ ಮಾಡಿದ್ದಕ್ಕಲ್ಲ, ಬೇಕಾದ್ದನ್ನು ಮಾಡಲಿಲ್ಲ ಎಂಬುದಕ್ಕೆ. (ಹಗಲು ಹೊತ್ತಿನಲ್ಲಿ ಸಹೋದ್ಯೋಗಿಗಳ ಎದುರು ಇದನ್ನು ಹೇಳುವ ಧೈರ್ಯ ನನಗಿಲ್ಲ.)

14-11-2025, ಶುಕ್ರವಾರ

ಮಕ್ಕಳ ದಿನಾಚರಣೆ. ಲಾಡು ಹಂಚಿ ಆದ ಮೇಲೆ ಐದನೆಯವರ ಪುಸ್ತಕ ತಿದ್ದಲು ಕೂತೆ. 'ನನ್ನ ಕುಟುಂಬ' ಎಂದು ಐದು ಸಾಲು ಇಂಗ್ಲಿಷಿನಲ್ಲಿ ಬರೆಯಲು ಹೇಳಿದ್ದೆ. ಒಂದು ಹುಡುಗಿ ಬರೆದಿದ್ದಾಳೆ: ಮೈ ಅಜ್ಜ ಆರ್ ಇನ್ ತೋಟ. ದೇ ಆರ್ ಕಟಿಂಗ್ ಗ್ರಾಸ್. ಮುಂದಿನ ಸಾಲಿನಲ್ಲಿ ತಮ್ಮ ಬಂದಾಗ ಸರಿಯಾಗಿ 'ಈಸ್', 'ಹೀ'.

ಕೆಂಪು ಗೆರೆ ಎಳೆಯಲು ಹೋದ ಕೈ ನಿಂತಿತು. ಇವಳಿಗೆ ಏಕವಚನ ಬಹುವಚನ ಗೊತ್ತಿಲ್ಲವೆಂದಲ್ಲ. ತಮ್ಮನಿಗೆ ಸರಿಯಾಗಿ ಹಾಕಿದ್ದಾಳಲ್ಲ. ಅಜ್ಜನಿಗೆ ಮಾತ್ರ ಬಹುವಚನ. ತುಳುವಿನಲ್ಲಿ ತಮ್ಮನಿಗೆ 'ಬತ್ತೆ', ಅಜ್ಜನಿಗೆ 'ಅಜ್ಜೆರ್ ಬತ್ತೆರ್'. ಕನ್ನಡದಲ್ಲೂ ಅಜ್ಜ ಬಂದರು. ಮನೆಯಲ್ಲಿ ಕಲಿತ ಮರ್ಯಾದೆಯನ್ನು ಅವಳು ಇಂಗ್ಲಿಷಿಗೂ ಹೊತ್ತು ತಂದಿದ್ದಾಳೆ.

ಗೈಡಿನಲ್ಲಿ ಇದಕ್ಕೆ ಹೆಸರುಂಟು: ಮಾತೃಭಾಷೆಯ ಪ್ರಭಾವ. ಆ ಗುಂಡಿ ತುಂಬಿದರೆ ನನಗೊಂದು ಅಂಕ. ಆದರೆ ಇವಳ ಎದುರು ನಿಂತು ಏನು ಹೇಳಬೇಕೆಂದು ಯಾವ ಗುಂಡಿಯಲ್ಲಿ ಉಂಟು? ಕರೆದು ಕೂರಿಸಿಕೊಂಡೆ. ಒಬ್ಬರಿದ್ದರೆ ಈಸ್, ಅಜ್ಜನಾದರೂ ಹೆಡ್ಮಾಸ್ಟ್ರಾದರೂ ಅಷ್ಟೆ ಎಂದೆ. ಅವಳು ಸ್ವಲ್ಪ ಹೊತ್ತು ಲಾಡಿನ ಪುಡಿ ನೆಕ್ಕುತ್ತಾ ನಿಂತು ಕೇಳಿದಳು, "ಹಾಗಾದ್ರೆ ಇಂಗ್ಲಿಷಿನಲ್ಲಿ ಅಜ್ಜನಿಗೆ ಮರ್ಯಾದೆ ಕೊಡ್ಲಿಕ್ಕೆ ಇಲ್ವಾ ಟೀಚರ್?"

ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಿದೆ. ಹಿಂದೆ ಇಂಗ್ಲಿಷಿನವರಲ್ಲೂ ನೀನು ಬೇರೆ, ನೀವು ಬೇರೆ ಇತ್ತು. 'ದೌ' ಅಂದರೆ ನೀನು, 'ಯು' ಅಂದರೆ ನೀವು. ಬರ್ತಾ ಬರ್ತಾ ನೀನು ಎನ್ನುವುದನ್ನು ಬಿಟ್ಟೇಬಿಟ್ಟರು. ಈಗ ಎಲ್ಲರಿಗೂ ನೀವು. ಅದಕ್ಕೇ ಒಬ್ಬನೇ ಎದುರಿಗಿದ್ದರೂ 'ಯು ಆರ್', 'ಯು ಈಸ್' ಅಲ್ಲ. ಅವಳ ಕಣ್ಣು ಅರಳಿತು. "ನಾಯಿಗೂ ನೀವಾ?" "ನಾಯಿಗೂ." ಇಡೀ ಕ್ಲಾಸು ನಕ್ಕಿತು. ಆಮೇಲೆ ಗಂಟೆ ಹೊಡೆಯುವವರೆಗೆ ಹೊರಗೆ ಮಲಗಿದ್ದ ನಾಯಿಗೆ 'ಯು ಆರ್ ಎ ಡಾಗ್' ಎಂದು ಮರ್ಯಾದೆ ಸಲ್ಲಿಸಿದರು.

23-11-2025, ಭಾನುವಾರ

ಅಕ್ಕನ ಮಗಳು ಮೊಬೈಲಿನಲ್ಲಿ ಬೇರೆ ಕಡೆಯ ಪರೀಕ್ಷೆಗಳನ್ನು ಹುಡುಕಿದ್ದಾಳೆ, ಓದುವುದನ್ನು ಬಿಟ್ಟು. ಕೇಂಬ್ರಿಜಿನವರು 2005ರಿಂದ ಬೋಧನಾ ಜ್ಞಾನದ್ದೇ ಒಂದು ಪರೀಕ್ಷೆ ನಡೆಸುತ್ತಾರಂತೆ, ಟಿಕೆಟಿ ಎಂದು. ಒಂದೊಂದು ಭಾಗಕ್ಕೆ 80 ಪ್ರಶ್ನೆ, 80 ನಿಮಿಷ. ಪಾಸು ಫೇಲು ಇಲ್ಲ, 1ರಿಂದ 4ರವರೆಗೆ ಒಂದು ಮಟ್ಟ ಕೊಡುತ್ತಾರೆ. ಅದೂ ಗುರುತು ಹಾಕುವ ಪರೀಕ್ಷೆಯೇ.

ನನಗೆ ಹಿಡಿಸಿದ್ದು ಹಾಂಕಾಂಗಿನದ್ದು. ಅಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಓದು, ಬರಹ, ಆಲಿಸುವುದು, ಮಾತು ಎಂದು ನಾಲ್ಕು ಪತ್ರಿಕೆ. ಐದನೆಯದಕ್ಕೆ ಪರೀಕ್ಷಕರು ತರಗತಿಗೇ ಬಂದು, ನೀವು ಮಕ್ಕಳೊಡನೆ ಬಳಸುವ ಇಂಗ್ಲಿಷನ್ನು ಕೂತು ಕೇಳುತ್ತಾರೆ. ಅಲ್ಲಿನವರು ಇದನ್ನು ಸುಮ್ಮನೆ ಒಪ್ಪಿಕೊಂಡದ್ದಲ್ಲ. 2000ರಲ್ಲಿ ಸಾವಿರಾರು ಶಿಕ್ಷಕರು ಬೀದಿಗಿಳಿದಿದ್ದರು. ಇಷ್ಟು ವರ್ಷ ಕಲಿಸಿದವರನ್ನು ಈಗ ಸಂಶಯಪಡುವುದೇ ಎಂದು ಅವರಿಗೂ ಅನ್ನಿಸಿರಬೇಕು.

ನನ್ನ ಕ್ಲಾಸಿಗೆ ಹಾಗೆ ಒಬ್ಬರು ಬಂದರೆ? ಮೊದಲ ಐದು ನಿಮಿಷ ಇಂಗ್ಲಿಷು, ಆಮೇಲೆ ಕನ್ನಡ, ಹಿಂದಿನ ಬೆಂಚಿಗೆ ತುಳು. ಹಾಂಕಾಂಗಿನವರು ಫೇಲು ಮಾಡಿಯಾರು. ಮಾಡಲಿ. ಆದರೆ ಯಾಕೆ ಫೇಲು ಎಂದು ನನ್ನೊಡನೆ ಕೂತು ಮಾತಾಡಿದರೆ ಸಾಕು. ನಾಯಿಗೆ ಯಾಕೆ ನೀವು ಎಂದೆನೆಂದು ನಾನೂ ಅವರಿಗೆ ಹೇಳಬಲ್ಲೆ.

7-12-2025, ಭಾನುವಾರ

ಬೆಳಗಿನ ಕತ್ತಲೆಯಲ್ಲೇ ಹೊರಟೆವು. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಮಂಜು. ಪುತ್ತೂರಿನಿಂದ ಸರಕಾರಿ ಬಸ್ಸು, ಮಾಣಿ ದಾಟುವವರೆಗೆ ಹುಡುಗಿ ಕೇಂದ್ರ-ರಾಜ್ಯ ಸಂಬಂಧ ಓದುತ್ತಿದ್ದಳು, ಆಮೇಲೆ ನನ್ನ ಹೆಗಲ ಮೇಲೆ ನಿದ್ರೆ. ಮಂಗಳೂರಿನಲ್ಲಿ ಬೆಳಿಗ್ಗೆ ನನ್ನದು, ಮಧ್ಯಾಹ್ನ ಅವಳದು. ಗೇಟಿನಲ್ಲಿ ವಾಚು ಬಿಚ್ಚಿಸಿದರು. ನನ್ನ ಕೊಠಡಿಯಲ್ಲಿ ತಲೆ ನರೆತವರು ನಾವು ಮೂವರು. ಕೊಠಡಿ ಮೇಲ್ವಿಚಾರಕಿ ನನ್ನ ಮಗಳ ಪ್ರಾಯದವಳು, "ಮೇಡಂ, ಗುಂಡಿ ಪೂರ್ತಿ ತುಂಬಬೇಕು" ಎಂದು ಮೆಲ್ಲ ಹೇಳಿ ಹೋದಳು. ಈ ಮಾತನ್ನು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ.

ಇಂಗ್ಲಿಷು ಸುಲಭವಾಯಿತು. ಗಣಿತ ಕಾಡಿತು. ಕನ್ನಡದ ಒಂದು ಸಂಧಿಯಲ್ಲಿ ಮರ್ಯಾದೆ ಹೋಗಿರಬೇಕು. 90 ಆದೀತು, ಆಗದೆಯೂ ಹೋದೀತು. ಎರಡು ವರ್ಷದ ಅವಕಾಶ ಉಂಟಲ್ಲ.

ಮಧ್ಯಾಹ್ನ ಅವಳು ಒಳಗೆ ಹೋದ ಮೇಲೆ ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತೆ. ಮಗು ಎತ್ತಿಕೊಂಡ ಗಂಡಂದಿರು, ಬುತ್ತಿ ಹಿಡಿದ ಅಮ್ಮಂದಿರು. ಹಾಸನ ಕಡೆಯ ಒಬ್ಬರು "ಮಗಳು ಬರೀತಿದ್ದಾಳಾ?" ಎಂದು ವಿಚಾರಿಸಿದರು. ನನ್ನದು ಬೆಳಿಗ್ಗೆ ಆಯಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ.

ಹೊರಗೆ ಬಂದವಳು ಹೇಳಿದ ಮೊದಲ ಮಾತು: "ರಾಜ್ಯಪಾಲರು ಈ ಸಲ ಬರ್ಲಿಲ್ಲ ಚಿಕ್ಕಮ್ಮ."

8-12-2025, ಸೋಮವಾರ

ಕೈಬೆರಳಲ್ಲಿ ಇನ್ನೂ ಪೆನ್ನಿನ ಕಪ್ಪು. "ಟೀಚರ್ ಪಾಸಾ?" ಎಂದು ಐದನೆಯವರ ಪ್ರಶ್ನೆ. ರಿಸಲ್ಟ್ ಬರಲಿಲ್ಲ ಎಂದೆ. "ಎಷ್ಟು ತಪ್ಪಾಯ್ತು?" ಅಂದ ಒಬ್ಬ. ಲೆಕ್ಕದ ಮಾಸ್ಟ್ರ ಶಿಷ್ಯ.

ಶುಕ್ರವಾರ ಕೊಟ್ಟಿದ್ದ ಮನೆಗೆಲಸ ತಿದ್ದಿದೆ. ಆ ಹುಡುಗಿ ಅಜ್ಜನ ಮೇಲೆಯೇ ಒಂದು ಪುಟ ಬರೆದು ತಂದಿದ್ದಾಳೆ. ಎಲ್ಲೂ 'ಹೀ' ಇಲ್ಲ, 'ದೇ' ಇಲ್ಲ, 'ಈಸ್' ಅಂತೂ ಇಲ್ಲವೇ ಇಲ್ಲ. ಅಜ್ಜ, ಯು ಆರ್ ಇನ್ ದ ತೋಟ. ಯು ಆರ್ ಕಟಿಂಗ್ ಗ್ರಾಸ್. ಯು ಆರ್ ಓಲ್ಡ್. ಪುಟದ ಉದ್ದಕ್ಕೂ ಅಜ್ಜನನ್ನು ಎದುರಿಗೆ ನಿಲ್ಲಿಸಿಕೊಂಡೇ ಬರೆದಿದ್ದಾಳೆ. ತೋಟ ಎಂಬುದನ್ನು ಬಿಟ್ಟರೆ ತಿದ್ದಲು ಏನೂ ಇರಲಿಲ್ಲ. ಅದನ್ನೂ ತಿದ್ದಲಿಲ್ಲ.