ಒಂಬತ್ತು ಜೂಲಿನ ಕಿಡಿ

ಕ್ರೋಮೆಲ್, ಅಲ್ಯುಮೆಲ್ ಎರಡೂ ಹೆಚ್ಚುಪಾಲು ನಿಕಲ್ಲೇ ಇರುವ ತಂತಿಗಳು. ಕಣ್ಣಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ; ಅಯಸ್ಕಾಂತ ಹಿಡಿದರೆ ಅಲ್ಯುಮೆಲ್ ಮಾತ್ರ ಬಂದು ಅಂಟಿಕೊಳ್ಳುತ್ತದೆ. ಇವೆರಡರ ತುದಿಗಳನ್ನು ಬೆಸೆದರೆ ಥರ್ಮೋಕಪಲ್ ಆಯಿತು. ಬೆಸುಗೆ ಬಿಸಿಯಾದಂತೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಸಿಗುತ್ತದೆ. 1821ರಲ್ಲಿ ಸೀಬೆಕ್ ಕಂಡ ಈ ಗುಣವನ್ನು ನನ್ನ ಮೇಜಿನ ಮೇಲೇ ನೋಡಬೇಕೆಂಬ ಆಸೆಯಿಂದ ಬೆಸುಗೆ ಯಂತ್ರ ಕಟ್ಟಲು ಕುಳಿತವನು ನಾನು. ಈಗ ಥರ್ಮೋಕಪಲ್‌ಗಿಂತ ಆ ಯಂತ್ರದ ಮೇಲೇ ಪ್ರೀತಿ ಜಾಸ್ತಿಯಾಗಿದೆ.

ಸಾಲ್ಡರ್ ಹಾಕಿದರೆ ಸಾಲದೇ? ಸಾಲದು. ಈ ಲೋಹಗಳಿಗೆ ಅದು ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದರೂ ಮಾಮೂಲಿ ತವರ-ಸೀಸದ ಸಾಲ್ಡರ್ 183 ಡಿಗ್ರಿಗೆ ಕರಗಿಬಿಡುತ್ತದೆ. ಒಲೆಯ ಉರಿ ಅಳೆಯುವುದು ಹೇಗೆ? ತಂತಿಗಳೇ ಕರಗಿ ಒಂದಾಗಬೇಕು. ಅದಕ್ಕೆ ಬೇಕಾದ ಬಿಸಿ ಸುಮಾರು 1400 ಡಿಗ್ರಿ. ಆದರೆ ತುದಿಯಲ್ಲಷ್ಟೇ, ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು.

ಕೆಪಾಸಿಟರ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ 10,000 ಮೈಕ್ರೋಫ್ಯಾರಡ್‌ನವು ಎರಡು ಕೊಡಿ ಎಂದಾಗ ಅಂಗಡಿಯವರು, “ಏನ್ ಸಾರ್, ಆಂಪ್ಲಿಫೈಯರ್ ಮಾಡ್ತಿದೀರಾ?” ಎಂದು ಕೇಳಿದರು. ಕೇಳುವುದು ಸಹಜವೇ, ಇಷ್ಟು ದಪ್ಪದವು ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. 24 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್, ವೋಲ್ಟೇಜು ಏರಿಸಿ ಇಳಿಸಲು ಎಲ್‌ಎಂ317, ಕೆಪಾಸಿಟರ್ ನಿಧಾನವಾಗಿ ತುಂಬಲೆಂದು 47 ಓಮ್‌ನ ರೆಸಿಸ್ಟರ್. ಐದಾರು ಸೆಕೆಂಡಿನಲ್ಲಿ ತುಂಬುತ್ತದೆ. ಸ್ವಿಚ್ ಆರಿಸಿದ ಮೇಲೂ ಒಳಗೆ ಚಾರ್ಜ್ ಉಳಿಯಬಾರದಲ್ಲ, ಅದಕ್ಕೊಂದು ರೆಸಿಸ್ಟರ್ ಅಡ್ಡ ಹಾಕಿದ್ದೇನೆ. 30 ವೋಲ್ಟ್ ಮೈಗೆ ಹೊಡೆಯುವಂಥದ್ದಲ್ಲ, ಆದರೆ ಬೆರಳಿನ ಉಂಗುರ ಎರಡು ತುದಿಗೂ ತಗುಲಿದರೆ ಚರ್ಮ ಸುಡುತ್ತದೆ. ಉಂಗುರ ತೆಗೆದಿಟ್ಟು, ಕನ್ನಡಕ ಹಾಕಿಕೊಂಡೇ ಕೂರಬೇಕು.

ಎರಡು ಕೆಪಾಸಿಟರ್ ಸೇರಿ 30 ವೋಲ್ಟ್‌ಗೆ ಹಿಡಿಯುವುದು 9 ಜೂಲ್ ಶಕ್ತಿ. 9 ವ್ಯಾಟ್ ಎಲ್‌ಇಡಿ ಬಲ್ಬು ಒಂದು ಸೆಕೆಂಡು ಉರಿಯಲು ಬೇಕಾದಷ್ಟೇ. ಅದೇ ಶಕ್ತಿ ಕೆಲವೇ ಮಿಲಿಸೆಕೆಂಡಿನಲ್ಲಿ ಹೊರಬಿದ್ದರೆ ನಿಕಲ್ ನೀರಾಗುತ್ತದೆ! ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಹಾಗಾಗಿ ನಾಬನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರೂ ಕಿಡಿಯ ಸದ್ದು ಬದಲಾಗುತ್ತದೆ. ಯಾವ ತಂತಿಗೆ ಎಷ್ಟು ಎಂಬುದನ್ನು ಈಗ ಕಿವಿಯೇ ಹೇಳುತ್ತದೆ.

ಹಳೆಯ ಟಾರ್ಚ್ ಸೆಲ್ಲು ಬಿಚ್ಚಿ ತೆಗೆದ ಕಾರ್ಬನ್ ಕಡ್ಡಿ ಒಂದು ಕಡೆಗೆ, ಇಕ್ಕಳದಲ್ಲಿ ಹಿಡಿದ ತಂತಿಗಳ ಜೋಡಿ ಇನ್ನೊಂದು ಕಡೆಗೆ. ತಂತಿಗಳನ್ನು ಎರಡು ಸುತ್ತು ಹೊಸೆದು, ತುದಿಯನ್ನು ಸಮನಾಗಿ ಕತ್ತರಿಸಿ, ಕಡ್ಡಿಗೆ ಮುಟ್ಟಿಸಬೇಕು. ಚಟ್! ಭೂತಗನ್ನಡಿಯಡಿ ನೋಡಿದರೆ ತುದಿಯಲ್ಲಿ ರಾಗಿಕಾಳಿಗಿಂತ ಚಿಕ್ಕದೊಂದು ಗುಂಡು, ನುಣುಪಾಗಿ ಹೊಳೆಯುತ್ತಿರುತ್ತದೆ. ಅದರ ಬುಡದಲ್ಲಿ ಎರಡು ತಂತಿಗಳೂ ಒಳಹೊಕ್ಕಿರುವುದು ಕಾಣುತ್ತದೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಮಾತ್ರ ಕಾಣುವುದಿಲ್ಲ. ಶಕ್ತಿ ಹೆಚ್ಚಾಗಿದ್ದರೆ ತುದಿ ಸಿಡಿದು ಹಾರಿಹೋಗುತ್ತದೆ. ಕಡಿಮೆಯಾಗಿದ್ದರೆ ಮಸಿ ಹಿಡಿದು ಅಂಟಿದಂತಿರುತ್ತದೆ, ಎಳೆದರೆ ಬಿಟ್ಟುಕೊಳ್ಳುತ್ತದೆ. ಸರಿಯಾದ ಗುಂಡು ನೋಡುವಾಗ ನನಗಾಗುವ ಸಂತೋಷವನ್ನು ಅಂಗಡಿಯಿಂದ ತಂದ ಯಾವ ಉಪಕರಣವೂ ಕೊಟ್ಟಿಲ್ಲ.

ಪರೀಕ್ಷೆ ಅಡುಗೆಮನೆಯಲ್ಲೇ. ಒಂದು ಬೆಸುಗೆ ಐಸ್ ಕರಗುತ್ತಿರುವ ಲೋಟದಲ್ಲಿ, ಇನ್ನೊಂದು ಕುದಿಯುವ ಪಾತ್ರೆಯಲ್ಲಿ. 100 ಡಿಗ್ರಿಗೆ ಮೀಟರು 4.1 ಮಿಲಿವೋಲ್ಟ್ ತೋರಿಸಬೇಕು. ನಮ್ಮ ಮನೆಯಲ್ಲಿ 4.0ರ ಹತ್ತಿರವೇ ನಿಲ್ಲುತ್ತದೆ. ಬೆಸುಗೆಯ ದೋಷವಲ್ಲ ಅದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಊರು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಆ ಚಿಕ್ಕ ಗುಂಡು ಲೆಕ್ಕಕ್ಕೆ ಹಿಡಿಯುತ್ತದೆ ಎನ್ನುವುದು ನನಗೆ ಇಂದಿಗೂ ಹೆಮ್ಮೆ.

ಇನ್ನು ತಾಮ್ರ ಮತ್ತು ಕಾನ್‌ಸ್ಟಾಂಟನ್ ಜೋಡಿಯನ್ನು ಬೆಸೆಯಬೇಕು. ತಾಮ್ರ ಕರಗುವುದು ಕಡಿಮೆ ಬಿಸಿಗೇ ಆದರೂ ಕೊಟ್ಟ ಬಿಸಿಯನ್ನು ತುದಿಯಲ್ಲಿ ನಿಲ್ಲಗೊಡದೆ ತಂತಿಯುದ್ದಕ್ಕೂ ಸಾಗಿಸಿಬಿಡುತ್ತದೆ. ಮೂರನೆಯ ಕೆಪಾಸಿಟರ್ ಬೇಕಾಗಬಹುದು, ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಬಿಟ್ಟೇ ಇದ್ದೇನೆ.