ಗೋಡೆಯ ಮೇಲೆ ಕೂತ ಹಕ್ಕಿಗೆ ಹೆಸರೇನು?

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಂಥ ಊರುಗಳಲ್ಲಿ ಪಡಸಾಲೆಯ ಗೋಡೆ ಬರಿದಾಗಿರುವುದು ಅಪರೂಪ. ಕತ್ತಿ ಹಿಡಿದ ರಾಯಣ್ಣ, ಕುದುರೆ ಏರಿದ ಚೆನ್ನಮ್ಮ, ಇಷ್ಟಲಿಂಗ ಹಿಡಿದು ಕುಳಿತ ಬಸವಣ್ಣ, ಸವದತ್ತಿಯ ಎಲ್ಲಮ್ಮ, ಸಾಲಿನ ಕೊನೆಯಲ್ಲಿ ಹಾರ ಹಾಕಿಸಿಕೊಂಡ ಮನೆಯ ಹಿರಿಯ. ಎಲ್ಲರೂ ತುಸು ಮುಂದಕ್ಕೆ ಬಾಗಿ ಮನೆಮಂದಿಯನ್ನು ನೋಡುತ್ತಿರುತ್ತಾರೆ. ಚೌಕಟ್ಟಿನ ಹಿಂದಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿದರೆ ಅದನ್ನು ಕಿತ್ತು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅಂಥ ಮನೆಗಳಲ್ಲಿ ಹಕ್ಕಿಯ ಜಾಗ ಚಿತ್ರದ ಹಿಂದೆ.

ಅದೇ ಸೀಮೆಯಿಂದ ಹೋಗಿ ಬೆಂಗಳೂರು, ಪುಣೆಗಳಲ್ಲಿ ಮನೆ ಮಾಡಿದ ಮಕ್ಕಳ ಗೋಡೆಯ ಮೇಲಾದರೆ ಹಕ್ಕಿ ಚಿತ್ರದ ಒಳಗೇ ಬಂದು ಕೂತಿರುತ್ತದೆ. ಹಳೆಯ ಕಾಗದದಂತೆ ಹಳದಿಗಟ್ಟಿದ ಹಿನ್ನೆಲೆ, ಒಂದು ಟೊಂಗೆ, ಅದರ ಮೇಲೆ ಬಣ್ಣಬಣ್ಣದ ಹಕ್ಕಿ, ಸುತ್ತ ಅಗಲವಾದ ಬಿಳಿ ಅಂಚು, ತೆಳುವಾದ ಕಪ್ಪು ಚೌಕಟ್ಟು. ಇಂಥವು ಮೂರೋ ನಾಲ್ಕೋ ಸೋಫಾದ ಮೇಲ್ಗಡೆ ಅಚ್ಚುಕಟ್ಟಾಗಿ ತೂಗಿರುತ್ತವೆ. ಊರಿನಿಂದ ಬಂದ ಅಜ್ಜಿ ಅವುಗಳ ಮುಂದೆ ನಿಂತರೆ ಮಾತು ಹೀಗೆ ಸಾಗುವುದುಂಟು:

"ಇದು ಯಾವ ಹಕ್ಕಿನೋ ತಮ್ಮಾ?"

"ಗೊತ್ತಿಲ್ಲ ಆಯಿ. ಸೋಫಾದ ಬಣ್ಣಕ್ಕ ಹೊಂದತೈತಿ ಅಂತ ತಂದೀವಿ."

"ಹೆಸರು ಗೊತ್ತಿಲ್ಲದವರನ್ನ ಮನಿಯೊಳಗ ಕರಕೊಂಡು ಬಂದು ಗ್ವಾಡಿಗೆ ಕುಂಡ್ರಿಸೀರೇನು?"

ಅಜ್ಜಿಯ ಪ್ರಶ್ನೆಯನ್ನು ನಕ್ಕು ಮರೆಯಬಹುದು. ಆದರೆ ಆ ಹಕ್ಕಿಗಳಿಗೆ ಹೆಸರುಗಳಿವೆ, ಬರೆದವರಿಗೂ ಹೆಸರುಗಳಿವೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದ ಸೈಬೀರಿಯದ ಕೊಕ್ಕರೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್‌ನಲ್ಲಿದೆ. ಅದೇ ಕೋಲ್ಕತ್ತದಲ್ಲಿ ಮುಖ್ಯ ನ್ಯಾಯಾಧೀಶನ ಹೆಂಡತಿ ಮೇರಿ ಇಂಪೆ ತಾನು ಸಾಕಿದ ಹಕ್ಕಿಗಳ ಚಿತ್ರಗಳನ್ನು 1777ರಿಂದ ಕೆಲವು ವರ್ಷಗಳ ಕಾಲ ಪಟ್ನಾದ ಕಲಾವಿದರಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಅವರಿಂದ ಬರೆಸಿದಳು. ಅಮೆರಿಕದ ಹಕ್ಕಿಗಳನ್ನು ನಿಜಗಾತ್ರದಲ್ಲಿ 435 ಫಲಕಗಳಿಗೆ ಇಳಿಸಿದವನು ಆಡುಬಾನ್. ಅವನ ಪುಸ್ತಕ ಕಂತುಕಂತಾಗಿ 1827ರಿಂದ 1838ರವರೆಗೆ ಹೊರಬಂತು. ಲಂಡನ್ನಿನ ಜಾನ್ ಗೌಲ್ಡ್ ಹಿಮಾಲಯದ ನೂರು ಹಕ್ಕಿಗಳನ್ನು 80 ಫಲಕಗಳಲ್ಲಿ ಪ್ರಕಟಿಸಿದ. ಗಂಡನ ಕರಡು ರೇಖೆಗಳನ್ನು ಕಲ್ಲಚ್ಚಿಗೆ ಇಳಿಸಿದವಳು ಅವನ ಹೆಂಡತಿ ಎಲಿಜಬೆತ್. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದ ಇಂಥ ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಅವು ಅಗ್ಗವಾಗಿ ಮನೆಮನೆಗೆ ಬರುವುದಕ್ಕೆ ಅದೂ ಒಂದು ಕಾರಣ.

ಈ ಚೆಂದದ ಹಿಂದೆ ಬಂದೂಕಿನ ಸದ್ದೂ ಇದೆ. ದುರ್ಬೀನು, ಕ್ಯಾಮೆರಾಗಳ ಸೌಕರ್ಯ ಇಲ್ಲದ ಆ ಕಾಲದಲ್ಲಿ ಹಕ್ಕಿಯನ್ನು ಹತ್ತಿರದಿಂದ ನೋಡಬೇಕೆಂದರೆ ಹೊಡೆದು ಕೆಡವುವುದೇ ರೂಢಿ. ಆಡುಬಾನ್ ಸತ್ತ ಹಕ್ಕಿಗಳನ್ನು ತಂತಿಯಿಂದ ಬಿಗಿದು ಹಾರುವ ಭಂಗಿಗೆ ನಿಲ್ಲಿಸಿ ಬರೆಯುತ್ತಿದ್ದ. ಗೌಲ್ಡ್ ಭಾರತದ ನೆಲವನ್ನೇ ಮೆಟ್ಟಲಿಲ್ಲ. ಹಡಗಿನಲ್ಲಿ ಬಂದ ಒಣ ಚರ್ಮಗಳನ್ನು ನೋಡಿಯೇ ಹಿಮಾಲಯದ ಪುಸ್ತಕ ತಯಾರಾಯಿತು. ಕಲ್ಲಿನಿಂದ ಅಚ್ಚಾದ ಕಪ್ಪು ರೇಖೆಗಳಿಗೆ ಆಮೇಲೆ ಒಂದೊಂದು ಹಾಳೆಗೂ ಕೈಯಿಂದಲೇ ಬಣ್ಣ ತುಂಬುತ್ತಿದ್ದರು.

ಕಿತ್ತೂರಿನ ಸೀಮೆಗೂ ಈ ಕಥೆಗೂ ನಂಟಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದದ್ದು ಈ ಕಡೆಯ ಶಾಲೆಯ ಮಕ್ಕಳಿಗೂ ಗೊತ್ತು. ಅಂದು ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ ಒಬ್ಬ 21 ವರ್ಷದ ವಾಲ್ಟರ್ ಎಲಿಯಟ್. ಡಿಸೆಂಬರಿನಲ್ಲಿ ಬಿಡುಗಡೆಯಾದ ಮೇಲೆ ಅವನು ಅನೇಕ ವರ್ಷ ಧಾರವಾಡದಲ್ಲೇ ಉಳಿದ. ಕನ್ನಡದ ಶಾಸನಗಳನ್ನು ನಕಲು ಮಾಡಿಸಿದವನೆಂದು ಅವನನ್ನು ನೆನೆಯುವವರಿದ್ದಾರೆ. ಅದೇ ಶ್ರದ್ಧೆಯಿಂದ ಅವನು ಈ ಸೀಮೆಯ ಪ್ರಾಣಿ, ಪಕ್ಷಿಗಳನ್ನೂ ಗಮನಿಸಿದ. ಊರ ಜನ ಅವುಗಳನ್ನು ಕರೆಯುವ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡ. ಮದರಾಸಿನ ಸೈನ್ಯದ ವೈದ್ಯ ಜೆರ್ಡನ್ ದಕ್ಷಿಣದ ಹಕ್ಕಿಗಳ ಪಟ್ಟಿ ಮಾಡಿದಾಗ ಎಲಿಯಟ್‌ನ ಟಿಪ್ಪಣಿಗಳು ಅವನ ನೆರವಿಗೆ ಬಂದವು. ಅದೇ ಜೆರ್ಡನ್ 1843ರಿಂದ 1847ರವರೆಗೆ ಮದರಾಸಿನಲ್ಲಿ ಪ್ರಕಟಿಸಿದ 50 ಬಣ್ಣದ ಫಲಕಗಳಿಗೆ ಚಿತ್ರ ಬರೆದವರು ಇಲ್ಲಿನ ಕಲಾವಿದರೇ. ಕಿತ್ತೂರಿನ ಸೆರೆಯಾಳು ಬರೆದುಕೊಂಡ ಹೆಸರುಗಳು ಹೀಗೆ ಹಕ್ಕಿಗಳ ಪುಸ್ತಕ ಸೇರಿದವು. ಇಂದು ಅಂಥ ಪುಸ್ತಕಗಳ ಚಿತ್ರಗಳು ಗೋಡೆಗೆ ಬಂದಿವೆ, ಹೆಸರುಗಳು ಪುಸ್ತಕದಲ್ಲೇ ಉಳಿದಿವೆ.

ಹೆಸರು ಹೋದರೆ ಹೋಗಲಿ, ಚಿತ್ರ ಇದೆಯಲ್ಲ ಎನ್ನಬಹುದು. ಎರ್ಲಡ್ಡುವಿನ ಕಥೆ ಕೇಳಿದರೆ ಹಾಗೆ ಅನ್ನಲು ನಾಲಿಗೆ ಏಳುವುದಿಲ್ಲ. ಎರಿ ಹೊಲಗಳ ನಡುವಿನ ಹುಲ್ಲು ಬಯಲಿನಲ್ಲಿ ಮೀಟರು ಎತ್ತರಕ್ಕೆ ಕತ್ತು ನೀಡಿ ನಿಲ್ಲುವ ಹಕ್ಕಿ ಅದು. ಗಂಡು 14 ಕಿಲೋ ತನಕ ತೂಗುತ್ತದೆ. ಎರೆಭೂತ ಎಂದೂ ಅದನ್ನು ಕರೆದರು. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅಹಮದನಗರದ ಕಡೆ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಅಧಿಕಾರಿ 1809ರಿಂದ 1829ರೊಳಗೆ 961 ಎರ್ಲಡ್ಡುಗಳನ್ನು ಹೊಡೆದನೆಂಬ ಲೆಕ್ಕ ಉಳಿದಿದೆ. 1831ರಲ್ಲಿ ಅದಕ್ಕೆ ಲಂಡನ್ನಿನಲ್ಲಿ ಶಾಸ್ತ್ರೀಯ ಹೆಸರಿಟ್ಟರು. ಗೌಲ್ಡ್ ಅದರ ಚಿತ್ರವನ್ನು ಹಿಮಾಲಯದ ಪುಸ್ತಕಕ್ಕೇ ಸೇರಿಸಿದ. ಬಯಲುಸೀಮೆಯ ಹಕ್ಕಿ ಹಿಮದ ಬೆಟ್ಟದ ವಿಳಾಸ ಪಡೆಯಿತು.

ಆಮೇಲೆ ಹುಲ್ಲು ಬಯಲಿಗೆ ನೇಗಿಲು ಬಂತು, ಕಾಲುವೆಯ ನೀರು ಬಂತು, ವಿದ್ಯುತ್ ತಂತಿಗಳು ಬಂದವು. ಹಾರುವಾಗ ಎದುರಿನ ತಂತಿ ಈ ಹಕ್ಕಿಗೆ ಸರಿಯಾಗಿ ಕಾಣುವುದಿಲ್ಲ. 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ಒಂದು ಕಾಲಕ್ಕೆ ಕೃಷ್ಣಮೃಗಗಳ ಜೊತೆ ಎರ್ಲಡ್ಡುವನ್ನೂ ನೋಡಬಹುದಿತ್ತು. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಅದು ಕಂಡಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು. ಆಡುಬಾನ್ ಬರೆದ ಕೆರೊಲಿನಾ ಗಿಣಿಗಳಲ್ಲಿ ಕೊನೆಯದು 1918ರಲ್ಲಿ ಮೃಗಾಲಯದ ಪಂಜರದಲ್ಲಿ ಸತ್ತಿತು. ಮನ್ಸೂರ್ ಬರೆದ ಕೊಕ್ಕರೆ 2002ರ ಬಳಿಕ ಭರತಪುರಕ್ಕೆ ಬಂದಿಲ್ಲ. ಹಕ್ಕಿಗಿಂತ ಅದರ ಚಿತ್ರಕ್ಕೇ ಆಯುಷ್ಯ ಹೆಚ್ಚಾದ ಉದಾಹರಣೆಗಳು ಇವು.

ಸಂಗೊಳ್ಳಿಯ ಗೋಡೆಗಳಿಂದ ಕಲಿಯುವುದು ಇಲ್ಲಿದೆ. ಎರ್ಲಡ್ಡುವಿಗೆ ಶಾಸ್ತ್ರೀಯ ಹೆಸರು ಸಿಕ್ಕ ಅದೇ 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದವರಿಲ್ಲ. ಇಂದು ಮನೆಮನೆಯಲ್ಲಿರುವುದು ಕಲಾವಿದರು ಕಲ್ಪಿಸಿಕೊಂಡ ಮುಖ, ಮೀಸೆ, ನಿಲುವು. ಆದರೂ ಮೂರು ವರ್ಷದ ಕೂಸು ಬೆರಳು ತೋರಿಸಿ ಹೆಸರು ಹೇಳುತ್ತದೆ. ಅಜ್ಜ ಆ ಹೆಸರಿನ ಹಿಂದಿನ ಕಥೆ ಹೇಳುತ್ತಾನೆ. ಹಕ್ಕಿಯ ಚಿತ್ರದಲ್ಲಿ ಕಲ್ಪನೆ ಕಡಿಮೆ, ಗರಿಗರಿಯನ್ನೂ ಎಣಿಸಿ ಬರೆದದ್ದು. ಆದರೂ ಅದು ಮನೆಮಂದಿಗೆ ಬರೀ ಬಣ್ಣ. ರಾಯಣ್ಣನನ್ನು ಉಳಿಸಿದ್ದು ಚಿತ್ರದ ನಿಖರತೆಯಲ್ಲ, ಅದರ ಮುಂದೆ ನಿಂತು ಆಡಿದ ಮಾತು.

ಮನೆಯ ಅಂದಕ್ಕೆ ಹಕ್ಕಿಯ ಚಿತ್ರ ಹಾಕುವುದು ಒಳ್ಳೆಯ ಅಭಿರುಚಿಯೇ. ತರುವಾಗ ಹಕ್ಕಿಯ ಹೆಸರು, ಬರೆದವರ ಹೆಸರು, ಬರೆದ ವರ್ಷ ಕೇಳಿ ಚೌಕಟ್ಟಿನ ಕೆಳಗೆ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಅಂಟಿಸಬಹುದು. ನಾಲ್ಕರಲ್ಲಿ ಒಂದಾದರೂ ಮಲಪ್ರಭೆಯ ಸೀಮೆಯ ಹಕ್ಕಿ ಇರಲಿ: ಸವದತ್ತಿಯ ಬಳಿಯ ನವಿಲುತೀರ್ಥಕ್ಕೆ ಹೆಸರು ಕೊಟ್ಟ ನವಿಲು, ಹೊಲದ ಬೇಲಿಯಿಂದ ಭರ್ರೆಂದು ಏಳುವ ಕೌಜುಗ, ಬಾವಿಯ ಮೇಲೆ ಗೂಡು ತೂಗಿಬಿಡುವ ಗೀಜುಗ. ಸಂಗೊಳ್ಳಿಯ ಮಕ್ಕಳು ಓದುವ ಕೋಣೆಯಲ್ಲಿ ರಾಯಣ್ಣನ ಪಕ್ಕದ ಮೊಳೆಗೆ ಎರ್ಲಡ್ಡು ತೂಗಿದರೂ ತಪ್ಪಿಲ್ಲ. ಮಗು ಹೆಸರು ಕೇಳುತ್ತದೆ. ಹೆಸರು ಹೇಳಿದ ಮೇಲೆ ಅದು ಇನ್ನೊಂದನ್ನೂ ಕೇಳುತ್ತದೆ: "ಈ ಹಕ್ಕಿ ಈಗ ಎಲ್ಲೈತಿ?" ಆ ಪ್ರಶ್ನೆಗೆ ಹೊರಗಿನ ಬಯಲನ್ನು ತೋರಿಸುವಂತಾದರೆ ಒಳ್ಳೆಯದು.